ಪಾಪರ್ ಚೀಟಿ: ಬೇಡವಾದ ಕಾರ್ಡುಗಳಿಂದ ನಾನು ಕಟ್ಟಿದ ಡೆಕ್ಕು

ದಿವಾಳಿಯೆದ್ದವನನ್ನು ನಮ್ಮ ಕಡೆಯ ಹಿರಿಯರು ‘ಪಾಪರ್ ಚೀಟಿ ತೆಗೆದುಕೊಂಡ’ ಎನ್ನುತ್ತಿದ್ದರು. ಅದೇ ‘ಪಾಪರ್’ ಎಂಬ ಪದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನಾಟದಲ್ಲಿ ಒಂದು ಆಟದ ಪದ್ಧತಿಯ ಹೆಸರಾಗಿದೆ ಎಂದು ತಿಳಿದ ದಿನ ನನಗೆ ನಗು ಬಂದಿತ್ತು, ಆ ಪದ್ಧತಿಯಲ್ಲೇ ನನ್ನ ಶನಿವಾರಗಳೆಲ್ಲ ಕಳೆಯುತ್ತವೆ ಎಂದು ಆಗ ಅಂದುಕೊಂಡಿರಲಿಲ್ಲ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ ಈ ಆಟದ ಕಾರ್ಡುಗಳು ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. ಪೊಟ್ಟಣದಲ್ಲಿ ಅಪರೂಪಕ್ಕೆ ಸಿಗುವ ‘ರೇರ್’ ಕಾರ್ಡುಗಳಲ್ಲಿ ಕೆಲವಕ್ಕೆ ಒಂದೊಂದಕ್ಕೇ ಸಾವಿರಾರು ರೂಪಾಯಿ ಬೆಲೆಯಿರುತ್ತದೆ. ಹೇರಳವಾಗಿ ಸಿಗುವ ‘ಕಾಮನ್’ ಕಾರ್ಡುಗಳನ್ನು ಬಹುಮಂದಿ ರಟ್ಟಿನ ಡಬ್ಬಿಗೆ ಸುರಿದು ಮರೆತುಬಿಡುತ್ತಾರೆ. ಪಾಪರ್ ಪದ್ಧತಿಯಲ್ಲಿ ಆಡಬಹುದಾದದ್ದು ಒಮ್ಮೆಯಾದರೂ ‘ಕಾಮನ್’ ಎಂದು ಅಚ್ಚಾದ ಕಾರ್ಡುಗಳನ್ನು ಮಾತ್ರ. ಮ್ಯಾಜಿಕ್ ಆನ್‌ಲೈನ್‌ನಲ್ಲಿ 2008ರಲ್ಲಿ ಅಧಿಕೃತವಾದ ಈ ಪದ್ಧತಿಗೆ 2019ರಲ್ಲಿ ಕಾಗದದ ಕಾರ್ಡುಗಳ ಆಟಕ್ಕೂ ಒಪ್ಪಿಗೆ ದೊರೆಯಿತು.

ಕಡಿಮೆ ಬೆಲೆಯ ಪದ್ಧತಿಯೆಂದ ಮಾತ್ರಕ್ಕೆ ಅಲ್ಲಿ ಎಲ್ಲರೂ ಹೊಸ ಡೆಕ್ಕನ್ನು, ಅಂದರೆ ಆಟಕ್ಕೆಂದು ತಾವೇ ಆರಿಸಿ ಜೋಡಿಸಿದ ಕಾರ್ಡುಗಳ ಕಟ್ಟನ್ನು, ಕಟ್ಟುತ್ತಾರೆಂದೇನಿಲ್ಲ. ಬೆಂಗಳೂರಿನಲ್ಲಿ ನಾವು ಏಳೆಂಟು ಮಂದಿ ಸೇರುವ ಮೇಜಿನಲ್ಲಿ ಕೆಂಪು ಬೆಂಕಿಯ ಡೆಕ್ಕು, ನೀಲಿ ಕಿನ್ನರಿಯರ ಡೆಕ್ಕು, ಅಫಿನಿಟಿ ಎಂಬ ಯಂತ್ರಗಳ ಡೆಕ್ಕು ಇವೇ ಸುತ್ತುತ್ತಿದ್ದವು, ಮತ್ತು ಮೂರನೆಯ ಸರದಿಯ ಹೊತ್ತಿಗೆ ಎದುರಾಳಿ ಏನು ಮಾಡುವರೆಂಬುದನ್ನು ನಾವೆಲ್ಲರೂ ಬಾಯಿಪಾಠ ಮಾಡಿಕೊಂಡಿದ್ದೆವು. ಯಾರೂ ಆಡದ ಒಂದು ಡೆಕ್ಕು ಬೇಕು, ಖರ್ಚು ಮೂರು ಸಾವಿರ ರೂಪಾಯಿ ದಾಟಬಾರದು, ಆದರೂ ನಾಲ್ಕು ಆಟಗಳಲ್ಲಿ ಎರಡನ್ನು ಗೆಲ್ಲುವಂತಿರಬೇಕು ಎಂದು ನಾನು ನಿಶ್ಚಯಿಸಿಕೊಂಡೆ.

ಡೆಕ್ಕಿನ ಬೀಜ ಸಿಕ್ಕಿದ್ದು ಗೆಳೆಯರೊಬ್ಬರ ಚಪ್ಪಲಿ ಡಬ್ಬಿಯಲ್ಲಿ. 1998ರ ‘ಸ್ಟ್ರಾಂಗ್‌ಹೋಲ್ಡ್’ ಸರಣಿಯ ‘ಟಾರ್ಚರ್ಡ್ ಎಕ್ಸಿಸ್ಟೆನ್ಸ್’ ಎಂಬ ಆ ಕಾರ್ಡನ್ನು ಒಂದೇ ಒಂದು ಕಪ್ಪು ಮ್ಯಾನಾ (ಭೂಮಿಯ ಕಾರ್ಡುಗಳು ಕೊಡುವ, ಆಟದೊಳಗಿನ ಹಣ) ಕೊಟ್ಟು ಮೇಜಿಗಿಳಿಸಬಹುದು. ಆಮೇಲೆ ಪ್ರತಿ ಸಲ ಒಂದು ಕಪ್ಪು ಮ್ಯಾನಾ ಕೊಟ್ಟು, ಕೈಯಲ್ಲಿರುವ ಒಂದು ಜೀವಿಯ ಕಾರ್ಡನ್ನು ಎಸೆದರೆ, ಗ್ರೇವ್‌ಯಾರ್ಡಿನಲ್ಲಿ, ಅಂದರೆ ಬಳಸಿ ಬಿಸಾಡಿದ ಕಾರ್ಡುಗಳ ರಾಶಿಯಲ್ಲಿ, ಇರುವ ಬೇರೊಂದು ಜೀವಿಯನ್ನು ಕೈಗೆ ತಂದುಕೊಳ್ಳಬಹುದು. ಇದನ್ನು ಅಪ್ಪನಿಗೆ ವಿವರಿಸುತ್ತಿದ್ದಾಗ ಅವರು ಪತ್ರಿಕೆಯಿಂದ ತಲೆಯೆತ್ತಿ, “ಅಂದರೆ ರಮ್ಮಿ. ಆದರೆ ಕೆಳಗೆ ಹೂತುಹೋದ ಎಲೆಯನ್ನೂ ಎತ್ತಬಹುದು, ಅಷ್ಟೇ ತಾನೆ?” ಎಂದರು. ಈ ಕಾರ್ಡಿಗೆ ಇಷ್ಟು ಅಚ್ಚುಕಟ್ಟಾದ ವಿವರಣೆಯನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಕಾರ್ಡು ಕೊಳ್ಳುವ ಮೊದಲು ನಾನು ಚೀಟಿ ಬರೆದೆ. ಪುಕ್ಕಟೆಯಾಗಿ ಸಿಗುವ ಭೂಮಿಯ ಕಾರ್ಡುಗಳನ್ನು ಪ್ಲಾಸ್ಟಿಕ್ ಸ್ಲೀವಿನಲ್ಲಿಟ್ಟು, ಅವುಗಳ ಮೇಲೆ ಕಾರ್ಡಿನ ಹೆಸರು, ಬೆಲೆ ಮತ್ತು ಗುಣವನ್ನು ಬರೆದ ಕಾಗದದ ತುಂಡನ್ನು ಸೇರಿಸಿದೆ. ಇಂಥ ಚೀಟಿಗಳನ್ನು ಅಧಿಕೃತ ಪಂದ್ಯಗಳಲ್ಲಿ ಒಪ್ಪುವುದಿಲ್ಲ, ಆದರೆ ಗೆಳೆಯರೊಡನೆ ಪರೀಕ್ಷಿಸಲು ಇದಕ್ಕಿಂತ ಸೋವಿಯಾದ ದಾರಿಯಿಲ್ಲ. ಮೂರು ವಾರ ಹೀಗೆ ಆಡಿದ ಮೇಲೆ ಮೊದಲ ಪಟ್ಟಿಯಲ್ಲಿದ್ದ ಸುಮಾರು ಇಪ್ಪತ್ತು ಕಾರ್ಡುಗಳು ಹೊರಬಿದ್ದವು. ಚೀಟಿ ಬರೆಯದೆ ಕೊಂಡಿದ್ದರೆ ಅಷ್ಟೂ ಹಣ ಡಬ್ಬಿ ಸೇರುತ್ತಿತ್ತು.

ಆ ಮೊದಲ ಪಟ್ಟಿಯ ದೋಷ ಉತ್ಸಾಹದ್ದು. ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಮೇಜಿನ ಮೇಲಿದ್ದರೆ ಮಾತ್ರ ಹೊಳೆಯುವ ಕಾರ್ಡುಗಳನ್ನೆಲ್ಲ ನಾಲ್ಕು ನಾಲ್ಕರಂತೆ ತುಂಬಿದ್ದೆ. ‘ಗ್ರೇವ್ ಸ್ಕ್ರಾಬ್ಲರ್’ ಅದಕ್ಕೆ ಒಳ್ಳೆಯ ಉದಾಹರಣೆ: ಅದನ್ನು ಎಸೆಯುವಾಗ ‘ಮ್ಯಾಡ್‌ನೆಸ್’ ಗುಣದಿಂದ ಎರಡು ಮ್ಯಾನಾ ಕೊಟ್ಟು ಮೇಜಿಗೇ ಇಳಿಸಬಹುದು, ಇಳಿದಾಗ ಅದು ಇನ್ನೊಂದು ಜೀವಿಯನ್ನು ಹಿಂದಕ್ಕೆ ತರುತ್ತದೆ, ಹೀಗೆ ಒಂದನ್ನು ಎಸೆದು ಎರಡನ್ನು ಪಡೆಯಬಹುದು. ಎಸೆಯುವ ಸಾಧನವೇ ಇಲ್ಲದಿದ್ದರೆ ಮಾತ್ರ ಅದು ನಾಲ್ಕು ಮ್ಯಾನಾದ ಬಡಕಲು ಜೀವಿ. ಸಾಲುಸಾಲಾಗಿ ಸೋತ ಒಂದು ಸಂಜೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 60 ಕಾರ್ಡುಗಳ ಡೆಕ್ಕಿನಲ್ಲಿ ಒಂದೇ ಕಾರ್ಡಿನ ನಾಲ್ಕು ಪ್ರತಿಗಳಿದ್ದರೆ, ಅವುಗಳಲ್ಲಿ ಒಂದಾದರೂ ಆರಂಭದ ಏಳು ಕಾರ್ಡುಗಳಲ್ಲಿ ಬರುವ ಸಾಧ್ಯತೆ ನೂರಕ್ಕೆ ಸುಮಾರು 40. ಎರಡನೆಯವನಾಗಿ ಆಡುವಾಗ ನಾಲ್ಕನೆಯ ಸರದಿಯ ಹೊತ್ತಿಗೆ, ಅಂದರೆ 11 ಕಾರ್ಡು ನೋಡಿದ ಮೇಲೂ, ಅದು 56ನ್ನು ತುಸುವೇ ದಾಟುತ್ತದೆ. ಅಂದರೆ ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಆಟಗಳಲ್ಲಿ ನಾನು ಡೆಕ್ಕಿನ ಪ್ರಾಣವಿಲ್ಲದೆಯೇ ಆಟದ ನಡುಭಾಗವನ್ನು ತಲುಪುತ್ತಿದ್ದೆ. ಯಾವ ಕಾರ್ಡಿಗಾಗಿ ಡೆಕ್ಕು ಕಟ್ಟುತ್ತಿದ್ದೆನೋ ಆ ಕಾರ್ಡು ಬಾರದಿದ್ದರೂ ನಿಲ್ಲಬಲ್ಲ ಡೆಕ್ಕನ್ನು ಕಟ್ಟಬೇಕಿತ್ತು.

ಅಂದಿನಿಂದ ಪ್ರತಿಯೊಂದು ಕಾರ್ಡಿಗೂ ಒಂದೇ ಪ್ರಶ್ನೆ ಹಾಕಿದೆ: ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಇಲ್ಲದಾಗ ನೀನು ಏನು ಮಾಡುತ್ತೀಯೆ? ‘ಸ್ಟಿಂಕ್‌ವೀಡ್ ಇಂಪ್’ ಉತ್ತರ ಕೊಟ್ಟಿತು. ಹಾರುವ ಆ ಪುಟ್ಟ ಪಿಶಾಚಿ ಕಾಳಗದಲ್ಲಿ ಯಾವ ಜೀವಿಯನ್ನು ಗಾಯಗೊಳಿಸಿದರೂ ಆ ಜೀವಿ ಸಾಯುತ್ತದೆ, ಆದ್ದರಿಂದ ದೊಡ್ಡ ದೊಡ್ಡ ಜೀವಿಗಳೂ ಅದರ ಮುಂದೆ ನುಗ್ಗಲು ಅಂಜುತ್ತವೆ. ‘ಸಕುರಾ-ಟ್ರೈಬ್ ಎಲ್ಡರ್’ ತಡೆಯಾಗಿ ನಿಂತು, ಸಾಯುವ ಮುನ್ನ ತನ್ನನ್ನೇ ಬಲಿಕೊಟ್ಟು ಒಂದು ಭೂಮಿಯನ್ನು ತಂದುಕೊಡುತ್ತದೆ. ‘ಚಿಟರಿಂಗ್ ರ್ಯಾಟ್ಸ್’ ಮೇಜಿಗಿಳಿದ ಕೂಡಲೇ ಎದುರಾಳಿ ತನ್ನ ಕೈಯಿಂದ ಒಂದು ಕಾರ್ಡನ್ನು ತಾನು ಕಾರ್ಡು ಎಳೆಯುವ ಕಟ್ಟಿನ ಮೇಲಿಡಬೇಕಾಗುತ್ತದೆ, ಹಾಗಾಗಿ ಮುಂದಿನ ಸರದಿಯಲ್ಲಿ ಅವರಿಗೆ ಹೊಸ ಕಾರ್ಡು ಸಿಗುವುದಿಲ್ಲ. ‘ಗ್ರೇ ಮರ್ಚೆಂಟ್ ಆಫ್ ಆಸ್ಫೊಡೆಲ್’, ನನ್ನ ಮೇಜಿನ ಕಾರ್ಡುಗಳ ಮ್ಯಾನಾ ಬೆಲೆಯಲ್ಲಿ ಎಷ್ಟು ಕಪ್ಪು ಚಿಹ್ನೆಗಳಿವೆಯೋ ಅಷ್ಟು ಜೀವವನ್ನು, ಅಂದರೆ ಮುಗಿದರೆ ಆಟಗಾರ ಸೋಲುವ ಅಂಕಗಳನ್ನು, ಎದುರಾಳಿಯಿಂದ ಹೀರಿ ನನಗೆ ಕೊಡುತ್ತದೆ. ಇವೆಲ್ಲ ಒಂಟಿಯಾಗಿಯೂ ದುಡಿಯುವಂಥವು. ಮರಳಿ ಮರಳಿ ಕೈಗೆ ಬಂದರಂತೂ ಎದುರಾಳಿಗೆ ಉಸಿರು ಕಟ್ಟುತ್ತದೆ.

ಹೀಗೆ ನಿಂತ ಪಟ್ಟಿಯಲ್ಲಿ 27 ಜೀವಿಗಳಿವೆ. ಇಂಪ್, ಎಲ್ಡರ್ ಮತ್ತು ‘ಸೇಟರ್ ವೇಫೈಂಡರ್’ ನಾಲ್ಕು ನಾಲ್ಕು. ಚಿಟರಿಂಗ್ ರ್ಯಾಟ್ಸ್, ‘ಕ್ರಿಪ್ಟ್ ರ್ಯಾಟ್ಸ್’ ಮತ್ತು ಮರ್ಚೆಂಟ್ ಮೂರು ಮೂರು. ಸ್ಕ್ರಾಬ್ಲರ್, ‘ಗೋಲ್ಗಾರಿ ಬ್ರೌನ್‌ಸ್ಕೇಲ್’ ಮತ್ತು ‘ಸ್ಪೋರ್ ಫ್ರಾಗ್’ ಎರಡೆರಡು. ಜೀವಿಗಳಲ್ಲದವು ನಾಲ್ಕು ಟಾರ್ಚರ್ಡ್ ಎಕ್ಸಿಸ್ಟೆನ್ಸ್, ಮೂರು ‘ಡೂಮ್ ಬ್ಲೇಡ್’ ಮತ್ತು ನಾಲ್ಕು ‘ಕಮ್ಯೂನ್ ವಿತ್ ದ ಗಾಡ್ಸ್’. ಈ ಕೊನೆಯದು ಕಟ್ಟಿನ ಮೇಲಿನ ಐದು ಕಾರ್ಡುಗಳನ್ನು ತೆರೆದು, ಅವುಗಳಿಂದ ಒಂದು ಜೀವಿಯನ್ನೋ ಎನ್‌ಚಾಂಟ್‌ಮೆಂಟನ್ನೋ (ಮೇಜಿನ ಮೇಲೆ ಉಳಿಯುವ ಮಂತ್ರದ ಕಾರ್ಡು) ಕೈಗೆ ಕೊಟ್ಟು ಉಳಿದದ್ದನ್ನು ಗ್ರೇವ್‌ಯಾರ್ಡಿಗೆ ಹಾಕುತ್ತದೆ. ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಕೂಡ ಎನ್‌ಚಾಂಟ್‌ಮೆಂಟೇ ಆದ್ದರಿಂದ ಹುಡುಕುವುದು, ರಾಶಿ ತುಂಬುವುದು ಎರಡೂ ಒಂದೇ ಏಟಿಗೆ ಆಗುತ್ತವೆ.

ಭೂಮಿಗಳ ವಿಷಯದಲ್ಲಿಯೂ ನಾನು ಮೊದಲು ಎಡವಿದ್ದೆ. ಡೆಕ್ಕಿನಲ್ಲಿ ಕಪ್ಪು ಮತ್ತು ಹಸಿರು ಎರಡು ಬಣ್ಣಗಳಿವೆಯೆಂದು ಕಪ್ಪು ಕೊಡುವ ಹತ್ತು ಜೌಗು, ಹಸಿರು ಕೊಡುವ ಹತ್ತು ಕಾಡು ಎಂದು ಸಮನಾಗಿ ಹಂಚಿದ್ದೆ. ಆದರೆ ಹಸಿರು ಸ್ವಲ್ಪ ಇದ್ದರೆ ಸಾಕು, ಕಪ್ಪು ಪ್ರತಿ ಸರದಿಯಲ್ಲಿಯೂ ಹೆಚ್ಚು ಬೇಕು. ಈಗ 22 ಭೂಮಿಗಳಲ್ಲಿ 16 ಕಪ್ಪು ಮ್ಯಾನಾ ಕೊಡುತ್ತವೆ, 12 ಹಸಿರು ಕೊಡುತ್ತವೆ. ಎರಡನ್ನೂ ಕೊಡುವ ಆರು ಭೂಮಿಗಳು, ನಾಲ್ಕು ‘ಜಂಗಲ್ ಹಾಲೋ’ ಮತ್ತು ಎರಡು ‘ಗೋಲ್ಗಾರಿ ರಾಟ್ ಫಾರ್ಮ್’, ಇವೂ ಕಾಮನ್ ಕಾರ್ಡುಗಳೇ.

ಈ ಡೆಕ್ಕಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಒಂದು ಕಪ್ಪೆ. ಸ್ಪೋರ್ ಫ್ರಾಗ್ ಒಂದು ಹಸಿರು ಮ್ಯಾನಾದ ಜೀವಿ. ಅದನ್ನು ಬಲಿಕೊಟ್ಟರೆ ಆ ಸರದಿಯ ಕಾಳಗದಲ್ಲಿ ಯಾರಿಗೂ ಗಾಯವಾಗುವುದಿಲ್ಲ. ಇಂಪ್‌ಗೆ ‘ಡ್ರೆಜ್ 5’ ಎಂಬ ಗುಣವಿದೆ: ಕಾರ್ಡು ಎಳೆಯುವ ಬದಲು, ಕಟ್ಟಿನ ಮೇಲಿನ ಐದು ಕಾರ್ಡುಗಳನ್ನು ಗ್ರೇವ್‌ಯಾರ್ಡಿಗೆ ಹಾಕಿ, ಅಲ್ಲಿರುವ ಇಂಪನ್ನು ಕೈಗೆ ತೆಗೆದುಕೊಳ್ಳಬಹುದು. ಇವೆರಡನ್ನೂ ಟಾರ್ಚರ್ಡ್ ಎಕ್ಸಿಸ್ಟೆನ್ಸಿನೊಡನೆ ಹೊಂದಿಸಿದರೆ, ಪ್ರತಿ ಸರದಿಯ ಆರಂಭದಲ್ಲಿ ಇಂಪನ್ನು ಎತ್ತಿಕೊಂಡು, ಒಂದು ಕಪ್ಪು ಮ್ಯಾನಾ ಕೊಟ್ಟು ಅದನ್ನೇ ಎಸೆದು ಕಪ್ಪೆಯನ್ನು ಕೈಗೆ ತಂದು, ಒಂದು ಹಸಿರು ಮ್ಯಾನಾ ಕೊಟ್ಟು ಕಪ್ಪೆಯನ್ನು ಇಳಿಸಿ, ಎದುರಾಳಿ ದಾಳಿಗಿಳಿದಾಗ ಬಲಿಕೊಡಬಹುದು. ಸರದಿಗೆ ಎರಡೇ ಮ್ಯಾನಾದ ಖರ್ಚಿನಲ್ಲಿ ಎದುರಿನ ಸೈನ್ಯವೆಲ್ಲ ಕೈಕಟ್ಟಿ ನಿಲ್ಲುತ್ತದೆ.

ಇದನ್ನು ಮೊದಲ ಬಾರಿ ಮೇಜಿನ ಮೇಲೆ ಸಾಧಿಸಿದ ದಿನ ನಾನು ಆರು ಸರದಿಗಳ ಕಾಲ ಬೀಗುತ್ತಾ ಕುಳಿತೆ, ಏಳನೆಯ ಸರದಿಯ ಹೊತ್ತಿಗೆ ನನ್ನ ಕಟ್ಟು ಹೆಚ್ಚುಕಡಿಮೆ ಬರಿದಾಗಿತ್ತು. ಪ್ರತಿ ಸರದಿಗೂ ಐದು ಕಾರ್ಡು ಕಳೆದುಕೊಳ್ಳುವವನು ಬಹಳ ದಿನ ಬದುಕುವುದಿಲ್ಲ ಎಂಬ ಸರಳ ಗಣಿತ ನನಗೆ ಹೊಳೆದಿರಲಿಲ್ಲ, ಮತ್ತು ಖಾಲಿ ಕಟ್ಟಿನಿಂದ ಕಾರ್ಡು ಎಳೆಯಬೇಕಾಗಿ ಬಂದವನು ಸೋಲುತ್ತಾನೆ. ಈಗ ಎದುರಾಳಿಯ ದಾಳಿಗೆ ಕಪ್ಪೆಯ ಬೀಗ ಬಿದ್ದ ಮೇಲೆ ಇಂಪಿನ ಬದಲು ಬ್ರೌನ್‌ಸ್ಕೇಲನ್ನು ಎತ್ತಿಕೊಳ್ಳುತ್ತೇನೆ. ಅದರದು ಡ್ರೆಜ್ 2 ಮಾತ್ರ. ಮೇಲಾಗಿ ಗ್ರೇವ್‌ಯಾರ್ಡಿನಿಂದ ಕೈಗೆ ಬಂದಾಗಲೆಲ್ಲ ಅದು ನನಗೆ ಎರಡು ಜೀವ ಕೊಡುತ್ತದೆ. ಹಾಗೆ ಗಳಿಸಿದ ಸಮಯದಲ್ಲಿ ಭೂಮಿಗಳನ್ನು ಕೂಡಿಹಾಕಿ ಕ್ರಿಪ್ಟ್ ರ್ಯಾಟ್ಸ್ ಇಳಿಸುತ್ತೇನೆ. ಎಷ್ಟು ಕಪ್ಪು ಮ್ಯಾನಾ ಸುರಿದರೆ ಅಷ್ಟು ಗಾಯವನ್ನು ಆ ಇಲಿಗಳು ಎಲ್ಲ ಜೀವಿಗಳಿಗೂ ಇಬ್ಬರು ಆಟಗಾರರಿಗೂ ಮಾಡುತ್ತವೆ. ಅದು ಕಾಳಗದ ಗಾಯವಲ್ಲವಾದ್ದರಿಂದ ಕಪ್ಪೆ ಅದಕ್ಕೆ ಅಡ್ಡಬರುವುದಿಲ್ಲ. ನನಗೂ ಅಷ್ಟೇ ಪೆಟ್ಟು ಬೀಳುತ್ತದೆ ಎಂಬುದು ನಿಜ, ಆದರೆ ಬ್ರೌನ್‌ಸ್ಕೇಲ್ ಕೊಟ್ಟ ಜೀವ ಇರುವುದೇ ಅದಕ್ಕೆ.

ಕೆಂಪು ಬೆಂಕಿಯ ಡೆಕ್ಕಿನೆದುರು ಕಪ್ಪೆಯಿಂದ ಪ್ರಯೋಜನ ಕಡಿಮೆ, ಏಕೆಂದರೆ ‘ಲೈಟ್ನಿಂಗ್ ಬೋಲ್ಟ್’ನಂಥ ಕಾರ್ಡುಗಳು ಕಾಳಗಕ್ಕೆ ಕಾಯದೆ ನೇರವಾಗಿ ಸುಡುತ್ತವೆ. ಅಲ್ಲಿ ಎರಡು ಬ್ರೌನ್‌ಸ್ಕೇಲ್‌ಗಳ ಜೋಡಿ ಬೇಕು: ಒಂದನ್ನು ಎಸೆದು ಇನ್ನೊಂದನ್ನು ತಂದರೆ ಎರಡು ಜೀವ, ಅದನ್ನು ಎಸೆದು ಮೊದಲಿನದನ್ನು ತಂದರೆ ಮತ್ತೆರಡು. ನಾಲ್ಕು ಕಪ್ಪು ಮ್ಯಾನಾ ಇದ್ದರೆ ಸರದಿಗೆ ಎಂಟು ಜೀವ ಬರುತ್ತದೆ. ಬೋಲ್ಟ್ ಕಸಿಯುವುದು ಮೂರೇ. ಒಮ್ಮೆ ಬೆಂಕಿಯ ಡೆಕ್ಕಿನ ಗೆಳೆಯರು ಎರಡು ಸರದಿ ಇದನ್ನು ನೋಡಿ, ಏನೂ ಮಾತಾಡದೆ ತಮ್ಮ ಕಾರ್ಡುಗಳನ್ನು ಬಾಚಿಕೊಂಡರು.

ನಿಯಮದ ಒಂದು ಸೂಕ್ಷ್ಮವನ್ನು ನಾನು ತಪ್ಪಾಗಿ ತಿಳಿದು ಹಲವು ಆಟಗಳನ್ನು ತಪ್ಪಾಗಿಯೇ ಆಡಿದ್ದೆ. ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಬಳಸುವಾಗ ಮರಳಿ ತರುವ ಜೀವಿಯನ್ನು ಮೊದಲು ಆರಿಸಿಕೊಂಡು, ಆಮೇಲೆ ಬೆಲೆ ತೆರಬೇಕು. ಆದ್ದರಿಂದ ಈಗ ಎಸೆಯುತ್ತಿರುವ ಕಾರ್ಡನ್ನೇ ಗುರಿಯಾಗಿಸಲು ಬರುವುದಿಲ್ಲ, ಮತ್ತು ಗ್ರೇವ್‌ಯಾರ್ಡಿನಲ್ಲಿ ಮೊದಲೇ ಒಂದು ಜೀವಿ ಇಲ್ಲದಿದ್ದರೆ ಕಾರ್ಡು ಕೆಲಸಕ್ಕೆ ಬಾರದು. ಇನ್ನೊಂದು ಅಭ್ಯಾಸವೂ ನಿಧಾನವಾಗಿ ಬಂತು: ಈ ಶಕ್ತಿಯನ್ನು ಎದುರಾಳಿಯ ಸರದಿಯಲ್ಲಿಯೂ ಬಳಸಬಹುದಾದ್ದರಿಂದ, ಮ್ಯಾನಾವನ್ನು ಉಳಿಸಿಕೊಂಡು ಅವರ ಸರದಿಯ ಕೊನೆಯವರೆಗೆ ಕಾಯುವುದು ಲೇಸು. ‘ರೆಲಿಕ್ ಆಫ್ ಪ್ರೊಜೆನಿಟಸ್’ ಬಳಸಿ ಎದುರಾಳಿ ನನ್ನ ಗ್ರೇವ್‌ಯಾರ್ಡನ್ನೇ ಅಳಿಸಹೊರಟಾಗ ಈ ಉಳಿತಾಯ ಕೈಹಿಡಿಯುತ್ತದೆ; ಅಳಿಯುವ ಮುನ್ನ ಕೈಯಲ್ಲಿರುವ ಕಳಪೆ ಜೀವಿಯನ್ನು ಕೊಟ್ಟು ಮರ್ಚೆಂಟನ್ನಾದರೂ ಉಳಿಸಿಕೊಳ್ಳಬಹುದು.

ಖರ್ಚು ಒಟ್ಟು 2,740 ರೂಪಾಯಿ ಆಯಿತು. ಅದರಲ್ಲಿ ಹೆಚ್ಚಿನ ಪಾಲು ಟಾರ್ಚರ್ಡ್ ಎಕ್ಸಿಸ್ಟೆನ್ಸಿನ ಉಳಿದ ಮೂರು ಪ್ರತಿಗಳಿಗೆ ಮತ್ತು ಕ್ರಿಪ್ಟ್ ರ್ಯಾಟ್ಸಿಗೆ ಹೋಯಿತು. ಬಹುಪಾಲು ಕಾರ್ಡುಗಳು ಗೆಳೆಯರ ಡಬ್ಬಿಗಳಿಂದ ಹತ್ತಿಪ್ಪತ್ತು ರೂಪಾಯಿಗೆ, ಕೆಲವು ಒಂದು ಕಾಫಿಗೆ ಬಂದವು. ದಂಡವಾದದ್ದು ಒಂದೇ. ಮಿರುಗುವ ಫಾಯಿಲ್ ಇಂಪೊಂದು ಅಗ್ಗಕ್ಕೆ ಸಿಕ್ಕಿತೆಂದು ಕೊಂಡೆ. ಮಳೆಗಾಲದ ತೇವಕ್ಕೆ ಅದು ವೀಳ್ಯದೆಲೆಯಂತೆ ಮುರುಟಿ, ಕಟ್ಟಿನಲ್ಲಿ ಎಲ್ಲಿದೆ ಎಂದು ದೂರದಿಂದಲೇ ಗೊತ್ತಾಗತೊಡಗಿತು. ಹಾಗೆ ಗುರುತು ಸಿಗುವ ಕಾರ್ಡಿನಿಂದ ಆಡುವುದು ನಿಯಮಕ್ಕೆ ವಿರುದ್ಧವಾದ್ದರಿಂದ ಅದನ್ನು ತೆಗೆದು ಸಾದಾ ಪ್ರತಿ ಹಾಕಿದೆ.

ಕಳೆದ ಸಲ ಕಿನ್ನರಿಯರ ಡೆಕ್ಕಿನ ಆಟಗಾರರೊಡನೆ ಮೂರನೆಯ, ನಿರ್ಣಾಯಕ ಆಟ ನಡೆದಿತ್ತು. ನನ್ನ ಎರಡು ಟಾರ್ಚರ್ಡ್ ಎಕ್ಸಿಸ್ಟೆನ್ಸ್‌ಗಳು ಡ್ರೆಜ್‌ನಲ್ಲಿ ಕೊಚ್ಚಿಹೋದವು, ಉಳಿದೆರಡು ಬರಲೇ ಇಲ್ಲ. ಇಂಪ್ ಮತ್ತು ಚಿಟರಿಂಗ್ ರ್ಯಾಟ್ಸ್ ನೆಲಹಿಡಿದು ನಿಂತಿದ್ದವು, ಎದುರಾಳಿಯ ಬಳಿ 12 ಜೀವ ಉಳಿದಿತ್ತು. ಮೊದಲ ಮರ್ಚೆಂಟ್ ಇಳಿದು ಐದನ್ನು ಹೀರಿತು. ಮುಂದಿನ ಸರದಿಯಲ್ಲಿ ಎರಡನೆಯದು ಇಳಿದು ಉಳಿದ ಏಳನ್ನೂ ಹೀರಿತು. ಕಾರ್ಡುಗಳನ್ನು ಜೋಡಿಸುವಾಗ ಅವರು ನನ್ನ ಗ್ರೇವ್‌ಯಾರ್ಡನ್ನು ಕುತೂಹಲದಿಂದ ತಿರುವಿ, ಟಾರ್ಚರ್ಡ್ ಎಕ್ಸಿಸ್ಟೆನ್ಸನ್ನು ಬೆಳಕಿಗೆ ಹಿಡಿದು, “ಈ ಹಳೇ ಕಾರ್ಡು ಏನ್ರೀ ಮಾಡುತ್ತೆ?” ಎಂದು ಕೇಳಿದರು.