ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೀರಾ? ಮೊದಲು ಮೀಟರ್ ನೋಡಿ

ಕೀ ಕೈಗೆ ಸಿಕ್ಕ ದಿನವೇ ಕರೆಂಟ್, ಗ್ಯಾಸ್ ಎರಡೂ ಮೀಟರ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಹಿಂದೆ ಇದ್ದವರು ಬಳಸಿದ್ದೂ ನಿಮ್ಮ ತಲೆಗೇ ಬರಬಹುದು.

ನಮ್ಮೂರಲ್ಲಿ ಬೆಸ್ಕಾಂ ಅಂದರೆ ಬೆಸ್ಕಾಂ, ಆಯ್ಕೆಯೇ ಇಲ್ಲ ಅಲ್ವಾ? ಇಲ್ಲಿ ಹಾಗಲ್ಲ. ಬಿಲ್ ನೇರವಾಗಿ ನೀವೇ ಕಟ್ಟುವುದಾದರೆ ಕಂಪನಿ ಬದಲಿಸುವ ಹಕ್ಕೂ ನಿಮ್ಮದೇ. ಶುರುವಿನಲ್ಲಿ ಮನೆಗೆ ಮೊದಲಿಂದ ಇದ್ದ ಕಂಪನಿಯೇ ಮುಂದುವರಿಯುತ್ತದೆ. ಅದನ್ನು ಬಿಡಲು ದಂಡ ಇಲ್ಲ.

ದರ ಹೋಲಿಸುವಾಗ ಯೂನಿಟ್ ರೇಟ್ ಮಾತ್ರ ನೋಡಬೇಡಿ. ಬಳಸಿದರೂ ಬಿಟ್ಟರೂ ದಿನಕ್ಕಿಷ್ಟು ಅಂತ ಸ್ಟ್ಯಾಂಡಿಂಗ್ ಚಾರ್ಜ್ ಬೇರೆ ಇರುತ್ತದೆ. ಒಬ್ಬರೇ ಇದ್ದು ಹೀಟರ್ ಕಮ್ಮಿ ಹಾಕುವವರಿಗೆ ಅದೇ ಜಾಸ್ತಿ ಕಚ್ಚುವುದು. ಇಲ್ಲಿನ ಕರೆಂಟ್-ಗ್ಯಾಸ್ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಮಿತಿ ಹಾಕಿರುವುದು ದರಕ್ಕೆ, ಒಟ್ಟು ಬಿಲ್‌ಗಲ್ಲ. ಬೇಗ ಮನೆ ಬದಲಿಸುವ ಯೋಚನೆಯಿದ್ದರೆ, ಫಿಕ್ಸೆಡ್ ಪ್ಲಾನ್ (ಇಂತಿಷ್ಟು ಕಾಲ ದರ ಬದಲಾಗದ ಪ್ಲಾನ್) ಒಪ್ಪುವ ಮೊದಲೇ ಎಕ್ಸಿಟ್ ಫೀ, ಅಂದರೆ ಅವಧಿಗೆ ಮುಂಚೆ ಬಿಟ್ಟರೆ ಕಟ್ಟಬೇಕಾದ ಹಣ, ಎಷ್ಟು ಅಂತ ಕೇಳಿ.