ಬೋರ್ಡ್ ಪ್ರಿಂಟಿಗೆ ಕೊಡುವ ಮುಂಚೆ: ಅಪಾಸ್ಟ್ರಫಿ ಎಲ್ಲಿ ಹಾಕಬೇಕು?

ತುಮಕೂರಿನ ಬಿ.ಎಚ್. ರಸ್ತೆಗೆ ಹತ್ತಿರದಲ್ಲೇ ನನ್ನ ಡಿಟಿಪಿ ಅಂಗಡಿ. ಬೋರ್ಡು, ಬ್ಯಾನರು, ಸ್ಟಿಕ್ಕರ್ ಎಲ್ಲ ಮಾಡುತ್ತೇನೆ. ಕಾಲೇಜು, ಹಾಸ್ಟೆಲ್, ಪಿಜಿ ತುಂಬಿರುವ ಊರು, ಹಾಗಾಗಿ ಇಂಗ್ಲಿಷ್ ಬೋರ್ಡಿನ ಕೆಲಸ ಜಾಸ್ತಿ. ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸುವ ಮ್ಯಾಟರ್‌ನಲ್ಲಿ ಸ್ಪೆಲಿಂಗ್ ಸರಿ ಇರುತ್ತದೆ, ಅಪಾಸ್ಟ್ರಫಿ (ಅಕ್ಷರಗಳ ನಡುವೆ ಮೇಲ್ಗಡೆ ಕೂರುವ ’ ಚಿಹ್ನೆ) ಮಾತ್ರ ಎಲ್ಲೋ ಕೂತಿರುತ್ತದೆ. ಒಮ್ಮೆ ಬೋರ್ಡ್ ಏರಿತೆಂದರೆ ಆ ತಪ್ಪು ವರ್ಷಗಟ್ಟಲೆ ರಸ್ತೆಯಲ್ಲೇ ಇರುತ್ತದೆ. ಶಾಲೆ ಮಕ್ಕಳು ಅದನ್ನೇ ಓದಿಕೊಂಡು ಓಡಾಡುತ್ತಾರೆ, ಅಲ್ವಾ?

ಮೊದಲು ಕನ್ನಡದಲ್ಲಿ ಹೇಳಿ ನೋಡಿ. ಹುಡುಗನ, ಹುಡುಗರ, ಹುಡುಗರು. ಇಂಗ್ಲಿಷಿನಲ್ಲಿ ಈ ಮೂರೂ ಕಿವಿಗೆ ‘ಬಾಯ್ಸ್’ ಅಂತಲೇ ಕೇಳುತ್ತವೆ. ‘ಹುಡುಗನ’ ಆದರೆ ಎಸ್‌ಗೆ ಮುಂಚೆ ಅಪಾಸ್ಟ್ರಫಿ. ‘ಹುಡುಗರ’ ಆದರೆ ಎಸ್ ಆದ ಮೇಲೆ. ‘ಹುಡುಗರು’ ಬರೀ ಬಹುವಚನ, ಅದಕ್ಕೆ ಏನೂ ಬೇಡ. ಬೈಕಿನ ಹಿಂದೆ ಅಂಟಿಸುವ ಡ್ಯಾಡ್ಸ್ ಗಿಫ್ಟ್ ಅಂದರೆ ಅಪ್ಪನ ಗಿಫ್ಟ್, ಎಸ್‌ಗೆ ಮುಂಚೆ ಹಾಕಿ. ಹಾಸ್ಟೆಲ್ ಹುಡುಗರದ್ದು, ಎಸ್ ಆದ ಮೇಲೆ ಹಾಕಿ. ಹಾಸ್ಟೆಲ್ ಬೋರ್ಡಿನಲ್ಲಿ ಪೂರ್ತಿ ಬಿಟ್ಟರೂ ನಡೆಯುತ್ತದೆ, ಎಸ್‌ಗೆ ಮುಂಚೆ ಮಾತ್ರ ಬೇಡ. ಮೆನುವಿನ ದೋಸಾಸ್, ಜ್ಯೂಸಸ್‌ಗೆ ದಯವಿಟ್ಟು ಹಾಕಲೇಬೇಡಿ. ಅಲ್ಲಿ ಯಾರದ್ದೂ ಏನೂ ಇಲ್ಲ.

ಬ್ಯಾನರ್‌ಗಳಲ್ಲಿ ಹೆಚ್ಚು ಗೊಂದಲ ದಿನಾಚರಣೆಗಳದ್ದು. ಸೆಪ್ಟೆಂಬರ್ 5 ಶಿಕ್ಷಕರ ದಿನ, ಟೀಚರ್ಸ್ ಎಂದು ಬರೆದು ಕೊನೆಗೆ ಚಿಹ್ನೆ. ನವೆಂಬರ್ 14ಕ್ಕೆ ಹಾಗಲ್ಲ. ಚಿಲ್ಡ್ರನ್ ಅನ್ನುವುದೇ ಬಹುವಚನ, ಅದಕ್ಕೇ ಚಿಹ್ನೆ ಮೊದಲು, ಎಸ್ ಆಮೇಲೆ. ಮಾರ್ಚ್ 8ರ ವಿಮೆನ್ಸ್ ಡೇ ಕೂಡ ಹೀಗೇ. ಮದರ್ಸ್ ಡೇ ಬಂದಾಗ ಮಾತ್ರ ಕನ್ನಡ ನೋಡಿಕೊಂಡು ಬರೆಯಬೇಡಿ. ನಾವು ‘ತಾಯಂದಿರ ದಿನ’ ಅನ್ನುತ್ತೇವೆ. ಆದರೆ ಅಮೆರಿಕದಲ್ಲಿ ಆ ದಿನವನ್ನು ಶುರು ಮಾಡಿಸಿದ ಆ್ಯನಾ ಜಾರ್ವಿಸ್ ಬೇಕೆಂದೇ ಏಕವಚನ ಇಟ್ಟರು. ಪ್ರತಿ ಮನೆಯವರು ತಮ್ಮ ತಮ್ಮ ತಾಯಿಯನ್ನು ನೆನೆಯಬೇಕು ಎಂಬುದು ಅವರ ಆಸೆ. 1914ರಲ್ಲಿ ಅಧ್ಯಕ್ಷ ವಿಲ್ಸನ್ ಘೋಷಿಸಿದಾಗಲೂ ಏಕವಚನವೇ ಉಳಿಯಿತು. ನನಗೆ ಈ ಚಿಹ್ನೆಯ ಮೇಲೆ ಪ್ರೀತಿ ಬಂದದ್ದೇ ಈ ಸಂಗತಿ ಗೊತ್ತಾದ ಮೇಲೆ.

ಇದರ ಮೂಲ ಕೆಲಸವೇ ಬೇರೆ. 16ನೇ ಶತಮಾನದಲ್ಲಿ ಫ್ರೆಂಚರನ್ನು ನೋಡಿ ಇಂಗ್ಲಿಷಿನವರು ಇದನ್ನು ತಂದುಕೊಂಡದ್ದು ಬಿಟ್ಟುಹೋದ ಅಕ್ಷರದ ಜಾಗ ತೋರಿಸಲು. ನಮ್ಮ ಲೋಪಸಂಧಿ ನೆನಪಿದೆಯಾ? ಊರು, ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಸದ್ದಿಲ್ಲದೆ ಹೋಗುತ್ತದೆ. ಇಂಗ್ಲಿಷಿನವರು ಡೋಂಟ್‌ನಲ್ಲಿ ಹೋದ ‘ಓ’ ಜಾಗಕ್ಕೆ ಚಿಹ್ನೆ ಇಡುತ್ತಾರೆ. ‘ನ’, ‘ರ’ ಅರ್ಥದ ಎಸ್ ಕೂಡ ಹಳೆಯ ಇಂಗ್ಲಿಷಿನಲ್ಲಿ ಎಷ್ಟೋ ಪದಗಳಿಗೆ ‘ಇ’ ಸೇರಿ ‘ಇಎಸ್’ ಆಗಿತ್ತು. ಆ ‘ಇ’ ಬಿದ್ದುಹೋಯಿತು, ಅಪಾಸ್ಟ್ರಫಿ ಅಲ್ಲಿ ಕೂತಿತು.

ಎಲ್ಲರೂ ಎಡವುವುದು ‘ಇಟ್ಸ್’ ಹತ್ತಿರ. ಅದನ್ನು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಅಂತ ಬಿಡಿಸಿ ಓದಿ. ಅರ್ಥ ಕೂಡಿದರೆ ಚಿಹ್ನೆ ಹಾಕಿ. ಕೂಡದಿದ್ದರೆ ಅದು ‘ಅದರ’ ಎಂಬ ಪದ, ಚಿಹ್ನೆ ಬೇಡ. ಹಿಸ್, ಅವರ್ಸ್, ಯುವರ್ಸ್ ಯಾವುದಕ್ಕೂ ಇಲ್ಲವಲ್ಲ, ಇದಕ್ಕೂ ಇಲ್ಲ.

ಕೊನೆಗೆ ಡಿಸೈನ್ ಮಾಡುವವರಿಗೆ ಒಂದು ಮಾತು. ಹಳೆ ವಿದ್ಯಾರ್ಥಿಗಳ ಬ್ಯಾನರಿನಲ್ಲಿ 1998 ಬ್ಯಾಚ್ ಅನ್ನು ’98 ಅಂತ ಬರೆಯುತ್ತೇವೆ. ಅಂಕಿಯ ಮುಂದೆ ಟೈಪ್ ಮಾಡಿದಾಗ ಎಷ್ಟೋ ಸಾಫ್ಟ್‌ವೇರ್‌ಗಳು ‘ ಹೀಗೆ ತಿರುಗಿಸಿ ಕೂರಿಸುತ್ತವೆ. ಬೇಕಾದ್ದು ’ ಇದು. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಹಿಡಿದು ಬಲಗಡೆಯ ನಂಬರ್ ಕೀಗಳಲ್ಲಿ 0146 ಒತ್ತಿ, ಸರಿಯಾದದ್ದು ಬರುತ್ತದೆ.