ಬಯಾಲಜಿಯಾ, ಫಿಸಿಕ್ಸಾ? ಫಾರ್ಮ್ ತುಂಬುವ ಮೊದಲು ಎರಡು ಭಾನುವಾರ ಕೊಡಿ

ಹನ್ನೆರಡನೆಯ ರಿಸಲ್ಟ್ ಬಂದ ವಾರ. ಡೊಂಬಿವ್ಲಿಯ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟಿನಿಂದ ಗೇಟಿನವರೆಗೆ ಅದೇ ಮಾತು. ಪಕ್ಕದ ಮನೆಯ ಹುಡುಗಿ ಕಾಲೇಜುಗಳ ಪಟ್ಟಿ ಹಿಡಿದು ಬಂದಳು. "ಆಂಟಿ, ಬಿ.ಎಸ್ಸಿ.ಗೆ ಬಯೋ ತಗೊಳ್ಳಲಾ, ಫಿಸಿಕ್ಸ್ ತಗೊಳ್ಳಲಾ?" ಹಿಂದೆಯೇ ಬಂದ ಅವಳಮ್ಮ, "ಮ್ಯಾತ್ಸ್ ಅಂದ್ರೆ ಹೆದರ್ತಾಳೆ ಅಕ್ಕ, ಬಯೋನೇ ಸಾಕು ಬಿಡಿ" ಎಂದರು.

ನನ್ನ ತಕರಾರು ಆ 'ಸಾಕು ಬಿಡಿ' ಬಗ್ಗೆಯೇ. ನಾನು ಇಪ್ಪತ್ತೆಂಟು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಲೆಕ್ಕಕ್ಕೆ ಹೆದರಿ ಬಯಾಲಜಿಗೆ ಓಡಿ ಬಂದವರನ್ನು ಜೆನೆಟಿಕ್ಸ್ ಪಾಠದಲ್ಲಿ ಕೈ-ಸ್ಕ್ವೇರ್ ಎಂಬ ಸ್ಟ್ಯಾಟಿಸ್ಟಿಕ್ಸ್ ಲೆಕ್ಕ ಬಂದು ಹಿಡಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಮಾರ್ಕ್ಸ್‌ಕಾರ್ಡ್ ತೆಗೆಯಿರಿ. ಪರ್ಸೆಂಟೇಜ್ ಆಮೇಲೆ ನೋಡೋಣ, ಯಾವ ಯಾವ ವಿಷಯ ಇದೆ ನೋಡಿ. ನಮ್ಮ ಮಹಾರಾಷ್ಟ್ರ ಬೋರ್ಡಿನಲ್ಲಿ ಬೈಫೋಕಲ್ ಅಂತ ಒಂದಿದೆ. 200 ಅಂಕದ ಕಂಪ್ಯೂಟರ್ ಸೈನ್ಸೋ ಎಲೆಕ್ಟ್ರಾನಿಕ್ಸೋ ಸಿಗುತ್ತದೆ ಎಂದು ಎಷ್ಟೋ ಮಕ್ಕಳು ಹನ್ನೊಂದರಲ್ಲೇ ಬಯಾಲಜಿ ಬಿಟ್ಟಿರುತ್ತಾರೆ. ಬಯಾಲಜಿ ಇಲ್ಲದಿದ್ದರೆ ನೀಟ್ ಇಲ್ಲ. ಮ್ಯಾತ್ಸ್ ಬಿಟ್ಟಿದ್ದರೆ ಫಿಸಿಕ್ಸ್ ಬಿ.ಎಸ್ಸಿ. ಹೆಚ್ಚುಕಡಿಮೆ ಕೈಬಿಟ್ಟ ಹಾಗೆ. ಬಿ.ಫಾರ್ಮ್ ಮಾತ್ರ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್), ಪಿಸಿಬಿ (ಮ್ಯಾತ್ಸ್ ಬದಲು ಬಯಾಲಜಿ) ಎರಡಕ್ಕೂ ಸಿಗುತ್ತದೆ. ಎರಡೂ ವಿಷಯ ಇರುವವರಿಗಷ್ಟೇ ಮುಂದಿನ ತಲೆಬಿಸಿ.

ಈಗ ಎರಡು ಭಾನುವಾರದ ಕೆಲಸ. ಮೊದಲ ಭಾನುವಾರ ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿ. ಬೆಳಿಗ್ಗೆ ಎರಡು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಹರಡಿ. ಒಂದು ತಟ್ಟೆ ಕಿಟಕಿಗೆ, ಇನ್ನೊಂದು ಕಪಾಟಿನೊಳಗೆ. ದಿನಾ ಸಂಜೆ ಎರಡರಿಂದಲೂ ಹತ್ತತ್ತು ಮೊಳಕೆ ಅಳೆದು ಬರೆಯಿರಿ, ಒಂದರ ಚಿತ್ರ ಬಿಡಿಸಿ. ಕೆಲವೇ ದಿನದಲ್ಲಿ ಕಪಾಟಿನವು ಬಿಳಿಚಿಕೊಂಡು ಉದ್ದುದ್ದ ಬೆಳೆದಿರುತ್ತವೆ, ಕಿಟಕಿಯವು ಗಿಡ್ಡವಾಗಿ ಹಸಿರಾಗಿರುತ್ತವೆ. ಬೆಳಕು ಹುಡುಕಿಕೊಂಡು ಗಿಡ ತನ್ನ ಶಕ್ತಿಯನ್ನೆಲ್ಲ ಉದ್ದಕ್ಕೇ ಸುರಿದಿರುತ್ತದೆ. ಇಲ್ಲಿ ಗಮನಿಸಬೇಕಾದ್ದು ನಿಮ್ಮನ್ನು. ನಾಲ್ಕನೆಯ ದಿನವೂ ಸ್ಕೇಲು ಹಿಡಿಯುವ ಮನಸ್ಸಿತ್ತಾ? ಹತ್ತು ಮೊಳಕೆ ಹತ್ತು ತರ ಇದ್ದದ್ದು ಕಿರಿಕಿರಿ ಎನಿಸಿತಾ, ಖುಷಿ ಕೊಟ್ಟಿತಾ? ಬಯಾಲಜಿ ಎಂದರೆ ಈ ಹತ್ತು ತರದ ಜೊತೆ ಬಾಳುವುದು.

ಮುಂದಿನ ಭಾನುವಾರ ದಾರಕ್ಕೆ ಒಂದು ಬೀಗ ಕಟ್ಟಿ ತೂಗುಹಾಕಿ. ಗಂಟಿನಿಂದ ಬೀಗದ ನಡುವಿನವರೆಗೆ 100 ಸೆಂಟಿಮೀಟರ್. ಸ್ವಲ್ಪವೇ ಸರಿಸಿ ಬಿಡಿ. ಹೋಗಿ ಬಂದರೆ ಒಂದು, ಹಾಗೆ 20 ಎಣಿಸಿ. ಸುಮಾರು 40 ಸೆಕೆಂಡ್ ಬರುತ್ತದೆ. ಈಗ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿ. ಉದ್ದ ಕಾಲು ಭಾಗ ಆಯಿತು, ಸಮಯವೂ ಕಾಲು ಆಗಬೇಕಲ್ವಾ? ಇಲ್ಲ, 20 ಸೆಕೆಂಡ್, ಅಂದರೆ ಅರ್ಧ. 'ಯಾಕೆ' ಎಂದು ಪುಸ್ತಕ ತೆಗೆದಿರೋ, 'ಓ ಹೌದಾ' ಎಂದು ದಾರ ಬಿಚ್ಚಿದಿರೋ? ಸ್ಕ್ರೂ ಗೇಜಿನಲ್ಲಿ 0.01 ಮಿಲಿಮೀಟರ್ ಆಚೀಚೆ ಬಂತೆಂದು ಮೂರು ಸಲ ಅಳೆಯುವ ಮಕ್ಕಳನ್ನು ಲ್ಯಾಬಿನಲ್ಲಿ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಪಕ್ಕದವರ ಜರ್ನಲ್ ನೋಡಿ ರೀಡಿಂಗ್ ತುಂಬುವವರನ್ನೂ ಸಹ!

ಎರಡರಲ್ಲೂ ಸಮ ಸಮ ಮಜಾ ಬಂತೆಂದರೆ ಒಂದು ಮಾತು ನೆನಪಿಡಿ. ಫಿಸಿಕ್ಸಿನಿಂದ ಬಯಾಲಜಿಗೆ ದಾಟುವುದು ಸುಲಭ, ಅಲ್ಲಿಂದ ಇಲ್ಲಿಗೆ ಬರುವುದು ಬಹಳ ಕಷ್ಟ. ವಿಜ್ಞಾನಿ ವೆಂಕಿ ರಾಮಕೃಷ್ಣನ್ ಬರೋಡಾದಲ್ಲಿ ಫಿಸಿಕ್ಸ್ ಬಿ.ಎಸ್ಸಿ. ಮಾಡಿ, ಫಿಸಿಕ್ಸಿನಲ್ಲೇ ಪಿಎಚ್.ಡಿ. ಮುಗಿಸಿ, ಆಮೇಲೆ ಬಯಾಲಜಿ ಕಲಿತವರು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಮೇಲಿನ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಂತು, ಅದೂ ಕೆಮಿಸ್ಟ್ರಿಯಲ್ಲಿ! ಅಷ್ಟು ದೂರ ಯಾಕೆ, ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಎಷ್ಟು, ಯಾವ ಕೋನದಲ್ಲಿ ಎಂದು ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಫಿಸಿಕ್ಸ್ ಓದಿದವರೇ. ಎಂ.ಎಸ್ಸಿ. ಆದವರಿಗೆ ನಮ್ಮ ಮುಂಬೈಯ ಪರಮಾಣು ಸಂಶೋಧನಾ ಕೇಂದ್ರ ಬಿಎಆರ್‌ಸಿಯಲ್ಲೇ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಇದೆ. ಹಾಗಾಗಿ ಬಯಾಲಜಿ ಆರಿಸಿದರೂ ಮ್ಯಾತ್ಸನ್ನೋ ಸ್ಟ್ಯಾಟಿಸ್ಟಿಕ್ಸನ್ನೋ ಮೈನರ್ ಆಗಿ, ಅಂದರೆ ಮುಖ್ಯ ವಿಷಯದ (ಮೇಜರ್) ಜೊತೆಗಿನ ಚಿಕ್ಕ ವಿಷಯವಾಗಿ, ಉಳಿಸಿಕೊಳ್ಳಿ. ಕಾಲೇಜಿನ ಕೌಂಟರಿನಲ್ಲಿ ಮೇಜರ್ ಬಗ್ಗೆ ಮಾತ್ರ ಕೇಳಿ ಬರಬೇಡಿ, ಅದರ ಜೊತೆ ಯಾವ ಮೈನರ್ ಕೊಡುತ್ತಾರೆ ಎಂದೂ ಕೇಳಿ. ಕಾಲೇಜಿನಿಂದ ಕಾಲೇಜಿಗೆ ಅದು ಬೇರೆ.

ಇನ್ನೂ ಹನ್ನೊಂದರಲ್ಲಿ ಇರುವವರಿಗೆ ಇನ್ನೊಂದು ದಾರಿಯಿದೆ. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ವಿಜ್ಞಾನ ಸಂಸ್ಥೆ ಐಸರ್‌ನ ಐದು ವರ್ಷದ ಬಿಎಸ್-ಎಂಎಸ್‌ನಲ್ಲಿ ಶುರುವಿನಲ್ಲಿ ಎಲ್ಲ ವಿಜ್ಞಾನವನ್ನೂ ಓದಿಸಿ, ಆಮೇಲೆ ಆರಿಸಲು ಬಿಡುತ್ತಾರೆ. ಅದರ ಪ್ರವೇಶ ಪರೀಕ್ಷೆಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಮ್ಯಾತ್ಸ್, ಫಿಸಿಕ್ಸ್ ನಾಲ್ಕೂ ಇರುತ್ತವೆ. ಆದ್ದರಿಂದ ಬೈಫೋಕಲ್ ಆಸೆಗೆ ಬೀಳುವ ಮೊದಲು ಯೋಚಿಸಿ.

ಪಕ್ಕದ ಮನೆಯ ಹುಡುಗಿ ಎರಡನೆಯ ಭಾನುವಾರ ಸಂಜೆ ನೋಟ್‌ಬುಕ್ ತಂದಳು. ಬೀಗದ ಪುಟದಲ್ಲಿ ಎರಡೇ ಸಾಲು. ಹೆಸರುಕಾಳಿಗೆ ಆರು ಪುಟ! ಕಪಾಟಿನ ಮೊಳಕೆ ದಿನಕ್ಕೆ ಎಷ್ಟು ಮಿಲಿಮೀಟರ್ ಬೆಳೆಯಿತು ಎಂದು ಯಾರೂ ಹೇಳದೆ ಗ್ರಾಫ್ ಬೇರೆ ಎಳೆದಿದ್ದಳು. "ಮ್ಯಾತ್ಸ್ ಅಂದ್ರೆ ಹೆದರಿಕೆ ಅಂದ್ಯಲ್ಲೇ" ಎಂದೆ. "ಇದು ಮ್ಯಾತ್ಸಾ ಆಂಟಿ?" ಎಂದಳು.